ಒಂದು ಬರಬೇಕಿತ್ತು, ಎರಡು ಬಂದಿವೆ

ಪರದೆಯ ಮೇಲೆ ಆ ಕೆಂಪು ಸಾಲು ಮೂಡಿದಾಗ ಭಾಗ್ಯಜ್ಯೋತಿ ಊಟದ ಡಬ್ಬಿ ತೊಳೆದು ಆಗಷ್ಟೇ ಬಂದು ಕೂತಿದ್ದಳು. ಕೈ ಇನ್ನೂ ಒದ್ದೆಯಾಗಿತ್ತು.

'ಒಂದು ಬರಬೇಕಿತ್ತು. ಎರಡು ಬಂದಿವೆ.'

ಅವಳೇ ಬರೆದ ಪ್ರೋಗ್ರಾಂ ಅವಳಿಗೇ ಹೇಳುತ್ತಿತ್ತು.

ಎರಡಾ...? ಎರಡು ಹೇಗೆ?

ಆ ಇನ್‌ಬಾಕ್ಸ್ ಯಾವ ಮನುಷ್ಯರದ್ದೂ ಅಲ್ಲ. ಪರೀಕ್ಷೆಗೆಂದೇ ತೆರೆದದ್ದು. ಅಲ್ಲಿಗೆ ಮೇಲ್ ಕಳಿಸುವವಳೂ ಅವಳೇ, ತೆಗೆದು ಓದುವವಳೂ ಅವಳೇ. ಬೀಗ ಹಾಕಿದ ಮನೆಯೊಳಗಿಂದ ಯಾರೋ ಕೆಮ್ಮಿದ ಹಾಗಾಯಿತು ಅವಳಿಗೆ.

ಎರಡನೆಯದನ್ನು ತೆರೆದಳು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದರು.

'ಸಾರ್, ನಾನು ಶಿವಬಸಮ್ಮನವರ ಮಗ. ನಿಮ್ಮ ಮೇಲ್ ಈಗ ನೋಡಿದೆ. ರಿಪೋರ್ಟ್ ಸರಿಯಿಲ್ಲ, ತುರ್ತು ಅಂತ ಇದೆ. ಅಮ್ಮಂಗೆ ಏನಾಗಿದೆ ಸಾರ್? ಯಾವ ಡಾಕ್ಟ್ರನ್ನ ನೋಡ್ಬೇಕು? ದಯವಿಟ್ಟು ಬೇಗ ಹೇಳಿ. ತುಂಬಾ ಹೆದರಿಕೆ ಆಗ್ತಿದೆ. ಬಸವಪ್ರಸಾದ್.'



ಇಲ್ಲ... ಇಲ್ಲ... ಇದು ಹೋಗಬಾರದಿತ್ತು!

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಶಾಪಿಂಗ್ ಕಾಂಪ್ಲೆಕ್ಸ್ ಎದುರಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಅವಳ ಆಫೀಸು. ಕಂಪನಿ ಎಂದರೆ ದೇವದಾಸ್ ಸಾರ್, ನಾಲ್ಕು ಜನ ಹುಡುಗರು, ಅವಳು. ಅದೇ ಕಟ್ಟಡದ ಕೆಳಗೆ ರಕ್ತ ಪರೀಕ್ಷೆಯ ಲ್ಯಾಬ್. ಜನ ರಿಪೋರ್ಟಿಗಾಗಿ ಸಾಲುಗಟ್ಟಿ ನಿಲ್ಲುವುದು ಬೇಡ, ಈಮೇಲ್ ಮಾಡೋಣ ಎಂದು ಲ್ಯಾಬಿನವರಿಗೆ ಅನ್ನಿಸಿತ್ತು. ಆ ಕೆಲಸ ಇವರಿಗೆ ಸಿಕ್ಕಿತ್ತು.

ರೂಬಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಮೇಲ್ ಕಳಿಸಲು, ಬಂದ ಮೇಲನ್ನು ತೆಗೆದು ಓದಲು ಆಗಷ್ಟೇ ಒಂದು ಲೈಬ್ರರಿ ಬಂದಿತ್ತು. ಯಾರೋ ಪುಣ್ಯಾತ್ಮರು ಸಿದ್ಧ ಕೋಡ್ ಬರೆದು ಊರಿಗೆಲ್ಲ ಬಿಟ್ಟುಕೊಟ್ಟದ್ದು. ಅದಕ್ಕೆ ಒಂದು ಸಾಲಿನಲ್ಲಿ ಹೇಳಿಬಿಡಬೇಕು, ಮೇಲ್ ನಿಜವಾಗಿ ಹೊರಗೆ ಹೋಗಬೇಕೋ ಬೇಡವೋ ಎಂದು. 'ಬೇಡ' ಎಂದರೆ ಅದು ಹೋದಂತೆ ನಟಿಸಿ ಕಂಪ್ಯೂಟರಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಪ್ರೋಗ್ರಾಂ ಮುಗಿದರೆ ಅದೂ ಮುಗಿಯಿತು, ನೀರಿನ ಮೇಲೆ ಬರೆದಂತೆ.

ಆ ಸಾಲನ್ನು ನಂಬಿಕೊಂಡೇ ಅವಳು ಲ್ಯಾಬಿನವರು ಕೊಟ್ಟ ನಿಜವಾದ ರೋಗಿಗಳ ಮಾಹಿತಿಯನ್ನು ಪರೀಕ್ಷೆಗೆ ಬಳಸಿದ್ದಳು. ಫೋನ್ ನಂಬರುಗಳನ್ನೆಲ್ಲ ಅಳಿಸಿ ಸೊನ್ನೆ ಹಾಕಿದ್ದಳು. ಈಮೇಲ್ ವಿಳಾಸಗಳನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಹೇಗೂ ಹೊರಗೆ ಹೋಗುವುದಿಲ್ಲವಲ್ಲ!

ಬೆಳಿಗ್ಗೆ ದೇವದಾಸ್ ಸಾರ್ ಬಂದು, "ನಿಜವಾಗ್ಲೂ ಹೋಗಿ ಬರತ್ತಾ? ಒಂದ್ಸಲ ತೋರ್ಸು" ಎಂದಿದ್ದರು. ಅವಳು ಆ ಸಾಲನ್ನು ಬದಲಿಸಿ, ತನಗೆ ತಾನೇ ಒಂದು ಮೇಲ್ ಕಳಿಸಿ, ಅದನ್ನು ತೆಗೆದು ತೋರಿಸಿದ್ದಳು. "ಸಖತ್!" ಎಂದು ಅವರು ಹೋಗಿದ್ದರು. ಆಮೇಲೆ ಸಾಲನ್ನು ಮತ್ತೆ ಹಳೆಯದರಂತೆ ಮಾಡಬೇಕಿತ್ತು. ಮರೆತಿದ್ದಳು. ಊಟಕ್ಕೆ ಏಳುವ ಮುಂಚೆ ದಿನದ ಪರೀಕ್ಷೆ ಓಡಿಸಿ ಎದ್ದಿದ್ದಳು.

ಪ್ರೋಗ್ರಾಂ ಮಾಹಿತಿಯ ಮೊದಲ ಹೆಸರನ್ನು ಎತ್ತಿಕೊಂಡು, ಪರೀಕ್ಷೆಯ ಇನ್‌ಬಾಕ್ಸಿನ ವಿಳಾಸದಿಂದಲೇ ಮೇಲ್ ಕಳಿಸಿ, ಅದರ ಒಂದು ಪ್ರತಿಯನ್ನು ಅಲ್ಲಿಗೂ ಹಾಕಿತ್ತು. ಇವತ್ತು ಸರದಿ ಇದ್ದದ್ದು ಅವಳೇ ಬರೆದಿಟ್ಟ ಅತಿ ಭಯಂಕರ ವಾಕ್ಯದ್ದು: 'ತುರ್ತು: ನಿಮ್ಮ ವರದಿ ಸಹಜವಾಗಿಲ್ಲ. ಕೂಡಲೇ ವೈದ್ಯರನ್ನು ಕಾಣಿರಿ.'

ಯಾರೋ ಒಬ್ಬ ಮಗ ಅದನ್ನು ಓದಿದ್ದ.

"ಏನ್ ಭಾಗ್ಯ, ಕೆಂಪಾ ಹಸಿರಾ?" ದೇವದಾಸ್ ಸಾರ್ ಬಾಗಿಲಿನಿಂದಲೇ ಕೂಗಿದರು. ಪರೀಕ್ಷೆ ಗೆದ್ದರೆ ಹಸಿರು, ಸೋತರೆ ಕೆಂಪು.

ಅವಳು ಪರದೆಗೆ ಅಡ್ಡ ಕೂತಳು. "ಹ... ಹಸಿರು ಸಾರ್."

"ಗುಡ್. ಈ ಕೆಲಸ ಕೈ ಬಿಟ್ರೆ ನಾನೂ ನೀನೂ ಕೆಳಗಡೆ ಮಾರ್ಕೆಟ್‌ನಲ್ಲಿ ಸೊಪ್ಪು ಮಾರ್ಬೇಕಾಗತ್ತೆ ನೋಡು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೆಲಸ ಹೋದರೆ ಸೊಪ್ಪು ಮಾರುವ ಮಾತಿಲ್ಲ... ಕುಷ್ಟಗಿಯಲ್ಲಿ ಅಣ್ಣ ಹನಮಂತ ಗಂಡು ನೋಡಿಟ್ಟುಕೊಂಡೇ ಕೂತಿದ್ದಾನೆ.

ಇನ್ನೊಂದು ಮೇಲ್ ಬರೆದಳು. 'ಹಿಂದಿನ ಮೇಲ್ ತಪ್ಪಾಗಿ ಬಂದಿದೆ. ದಯವಿಟ್ಟು ಪರಿಗಣಿಸಬೇಡಿ.' ಕಳಿಸಿದಳು. ಇನ್‌ಬಾಕ್ಸ್ ತೆರೆದಳು. ಏನೂ ಇಲ್ಲ. ಮತ್ತೆ ತೆರೆದಳು. ಏನೂ ಇಲ್ಲ. ಮತ್ತೆ... ಮತ್ತೆ...

ಓದಿಯೇ ಇಲ್ಲವಾ? ಅಥವಾ ಆಗಲೇ ಅಮ್ಮನನ್ನು ಎಬ್ಬಿಸಿಕೊಂಡು ಯಾವುದೋ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಾನಾ?

ಮಾಹಿತಿಯಲ್ಲಿ ಶಿವಬಸಮ್ಮನವರ ರಿಪೋರ್ಟಿನ ಜಾಗ ಇನ್ನೂ ಖಾಲಿಯಿತ್ತು, ಮನೆಯ ವಿಳಾಸವೊಂದು ಉಳಿದಿತ್ತು. ಬನಶಂಕರಿ ಎರಡನೇ ಹಂತ, ಪೂಜೆಯ ಸಾಮಾನು, ನಾರುಬೇರು ಮಾರುವ ಒಂದು ಗ್ರಂಥಿಗೆ ಅಂಗಡಿ.

"ಸಾರ್, ತಲೆ ನೋಯ್ತಿದೆ. ಬೇಗ ಹೋಗ್ಲಾ?" ಎಂದು ಕೇಳಿದಳು. ಅದೊಂದು ಮಾತು ಸುಳ್ಳಾಗಿರಲಿಲ್ಲ.

*

ಮೆಟ್ರೋ ಕಂಬಗಳಿಗಾಗಿ ರಸ್ತೆಯ ನಡುವೆ, ಊರಲ್ಲಿ ಕಾಳು ತುಂಬಿಡುವ ಹಗೆವು ತೋಡಿದಂತೆ ತೋಡಿದ್ದರು. ಬಸ್ಸು ಒಂದೊಂದು ಹೆಜ್ಜೆಗೂ ನಿಲ್ಲುತ್ತಿತ್ತು. ಭಾಗ್ಯಜ್ಯೋತಿ ಕಿಟಕಿಯ ಸರಳು ಹಿಡಿದು ಮಾತುಗಳನ್ನು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು.

ಅಂಗಡಿ ಚಿಕ್ಕದು. ಹೊರಗಿನಿಂದಲೇ ಕರ್ಪೂರ, ಜಟಾಮಾಂಸಿ, ಹಳೆಯ ಗೋಣಿಚೀಲದ ವಾಸನೆ ಬಂತು. ಗಲ್ಲಾದ ಮೇಲೆ ಒಬ್ಬ ಯುವಕ ಕೂತಿದ್ದ. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಗಿರಾಕಿಯೊಬ್ಬರಿಗೆ ಲವಂಗ ತೂಗುತ್ತಿದ್ದ. ಲವಂಗ ತಕ್ಕಡಿಗೆ ಬೀಳುವುದಕ್ಕಿಂತ ಹೆಚ್ಚಾಗಿ ನೆಲಕ್ಕೆ ಬೀಳುತ್ತಿತ್ತು.

ಆ ಕೈ ನಡುಗುತ್ತಿರುವುದು ನನ್ನಿಂದ, ಎಂದುಕೊಂಡಳು.

ಗಿರಾಕಿ ಹೋದ ಮೇಲೆ ಹತ್ತಿರ ಹೋದಳು. "ಬಸವಪ್ರಸಾದ್ ಅಂದ್ರೆ..."

"ನಾನೇ. ಹೇಳಿ ಮೇಡಂ."

"ನಾನು ಲ್ಯಾಬ್ ಕಡೆಯಿಂದ ಬಂದಿದೀನಿ."

ಅವನು ದಿಗ್ಗನೆ ಎದ್ದ. ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಒಳಗೆ ತೋರಿಸಿ, ಅವಳನ್ನು ಪಕ್ಕದ ಗಲ್ಲಿಗೆ ಕರೆದೊಯ್ದ.

"ಅಮ್ಮಂಗೆ ಗೊತ್ತಿಲ್ಲ ಮೇಡಂ. ಜೋರಾಗಿ ಮಾತಾಡ್ಬೇಡಿ. ಹೇಳಿ, ಏನ್ ಬಂದಿದೆ? ಕುತ್ತಿಗೆ ಗಂಟು... ಅದೇನಾ? ನಂಗೆ ನೇರವಾಗಿ ಹೇಳಿಬಿಡಿ. ನಮ್ಮಪ್ಪಂಗೂ ಹೀಗೇ ಒಂದು ಗಂಟಿಂದ ಶುರುವಾಗಿದ್ದು. ಯುಗಾದಿಗೆ ರಿಪೋರ್ಟ್ ಬಂತು, ದೀಪಾವಳಿಗೆ ಅವರಿರ್ಲಿಲ್ಲ."

ಅವಳು ಜೋಡಿಸಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಅಲ್ಲ, ಅಲ್ಲ... ರಿಪೋರ್ಟ್ ಇನ್ನೂ ಬಂದೇ ಇಲ್ಲ. ಆ ಮೇಲ್ ತಪ್ಪು. ಅದು... ಕಂಪ್ಯೂಟರ್ ತಪ್ಪು."

ಹೇಳಿದ ಕ್ಷಣವೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಕಂಪ್ಯೂಟರ್! ಪಾಪದ ಆ ಯಂತ್ರ, ಹೇಳಿದಷ್ಟನ್ನೇ ಮಾಡಿತ್ತು.

"ಇನ್ನೊಂದು ಮೇಲ್ ಕಳ್ಸಿದ್ವಿ. ನೋಡ್ಲಿಲ್ವಾ?"

"ನೋಡ್ದೆ. ಸೈಬರ್ ಸೆಂಟರ್‌ನಿಂದ ಈಗ ತಾನೇ ಬಂದೆ." ಅವನು ನಗಲು ನೋಡಿದ. "ಮೊದಲ್ನೇದೂ ಕಂಪ್ಯೂಟರೇ ಕಳ್ಸಿದ್ದು, ಎರಡನೇದೂ ಕಂಪ್ಯೂಟರೇ ಕಳ್ಸಿದ್ದು. ನಾನ್ ಯಾವ್ದನ್ನ ನಂಬ್ಲಿ ಮೇಡಂ? ಬೆಂಕಿ ಇಲ್ದೆ ಹೊಗೆ ಆಡತ್ತಾ?"

ಅವನ ಹೆದರಿಕೆಯ ಬೀಗದ ಕೈ ಅವಳ ಹತ್ತಿರವಿತ್ತು. 'ಆ ವಾಕ್ಯ ನಾನೇ ಕೂತು ಕಟ್ಟಿದ್ದು, ನಿಮ್ಮಮ್ಮನಿಗೂ ಅದಕ್ಕೂ ಸಂಬಂಧವಿಲ್ಲ' ಎಂದು ಹೇಳಿದ್ದರೆ ಅವನು ಅಲ್ಲೇ ನಿಂತು ಉಸಿರು ಬಿಡುತ್ತಿದ್ದ. ಅವಳು ಬಾಯಿ ತೆರೆದಳು...

"ಪ್ರಸಾದಾ, ಯಾರೋ ಅದು?" ಒಳಗಿನಿಂದ ಧ್ವನಿ ಬಂತು.

"ಗಿರಾಕಿ ಅಮ್ಮ!"

"ಗಿರಾಕೀನ ಗಲ್ಲೀಲಿ ನಿಲ್ಸಿ ವ್ಯಾಪಾರ ಮಾಡ್ತಾರೇನೋ? ಒಳಗೆ ಕರಿ."

ಶಿವಬಸಮ್ಮ ಒಳಗೆ ಅಡಿಕೆ ಆರಿಸುತ್ತಿದ್ದರು. ಸೆರಗನ್ನು ಕುತ್ತಿಗೆಯ ಸುತ್ತ ಹೊದ್ದಿದ್ದರು. ಅಲ್ಲಿ ಏನಿದೆಯೆಂದು ಭಾಗ್ಯಜ್ಯೋತಿಗೆ ಗೊತ್ತಿತ್ತು. ಕಣ್ಣು ಬೇರೆ ಕಡೆ ಹೊರಳಿಸಿದಳು.

"ಏನ್ ಬೇಕಮ್ಮ?"

ಅವಳು ಗಾಬರಿಯಲ್ಲಿ ಎದುರಿಗಿದ್ದ ಡಬ್ಬಿಯ ಚೀಟಿಯನ್ನೇ ಓದಿದಳು. "ಬ... ಬಜೆ."

"ಬಜೇನಾ? ಮನೇಲಿ ಎಳೆ ಮಗು ಇದ್ಯಾ?"

"ಇಲ್ಲ... ನಂಗೆ ಮದುವೆ ಆಗಿಲ್ಲ ಆಂಟಿ."

ಶಿವಬಸಮ್ಮ ಒಮ್ಮೆ ಅವಳನ್ನು, ಒಮ್ಮೆ ಮಗನನ್ನು ನೋಡಿದರು. "ಮತ್ತೆ ನಾಲಿಗೆಗೆ ತೇದು ಹಚ್ಚೋದು ಯಾರಿಗೆ? ನಿಂಗೇನಾ? ಮಾತು ತೊದಲ್ತಿದೆ ಪಾಪ. ತಗೋ, ದುಡ್ಡು ಬೇಡ. ದಿನಾ ತೇದು ನೆಕ್ಕು, ಮಾತು ಸರಿಯಾಗಿ ಬರತ್ತೆ."

ಕಾಗದದಲ್ಲಿ ಸುತ್ತಿದ ಆ ಬೇರಿನ ತುಂಡನ್ನು ಅವಳು ಪರ್ಸಿನೊಳಗೆ ಹಾಕಿಕೊಂಡಳು. ಮೆಟ್ಟಿಲು ಇಳಿಯುವಾಗ ಬಸವಪ್ರಸಾದ್ ಮೆಲ್ಲಗೆ ಹೇಳಿದ, "ಇಷ್ಟು ದೂರ ಬಂದು ಹೇಳಿದ್ರಲ್ಲ ಮೇಡಂ. ಈ ಕಾಲದಲ್ಲಿ ಯಾರ್ ಬರ್ತಾರೆ? ನೀವು ಒಳ್ಳೆಯವರು."

ಅಯ್ಯೋ! ಒಂದು ಏಟು ಕೊಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ.

*

ಆಮೇಲಿನ ದಿನಗಳಲ್ಲಿ ಅವನು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ನಾಲ್ಕನೇ ಬ್ಲಾಕಿಗೆ ಬರತೊಡಗಿದ. ಲ್ಯಾಬಿನ ಕೌಂಟರಿನಲ್ಲಿ "ಬಂತಾ ಸಾರ್?" ಎನ್ನುವನು. ಗಂಟಿನ ಪರೀಕ್ಷೆ ಹೊರಗಡೆ ಆಗಬೇಕು, ತಡವಾಗುತ್ತದೆ ಎನ್ನುವರು. ಅವನು ಹೊರಗೆ ಹೊಂಗೆಮರದ ಕೆಳಗೆ ನಿಲ್ಲುವನು. ಮೂರನೇ ಮಹಡಿಯ ಕಿಟಕಿಯಿಂದ ಅವನ ನೆತ್ತಿ ಕಾಣುತ್ತಿತ್ತು. ಅವಳು ಕೆಳಗಿಳಿಯದೆ ಇರಬಹುದಿತ್ತು.

ಇಳಿದಳು. ಪ್ರತಿ ದಿನವೂ ಇಳಿದಳು.

ಮೊದಲು ಅದು ಪಾಪಪ್ರಜ್ಞೆ. ನಂತರ ಅವನು ಬರುವುದು ಸ್ವಲ್ಪ ತಡವಾದರೆ ಎದೆಯಲ್ಲಿ ಏನೋ ಚಡಪಡಿಕೆ... ಅದಕ್ಕೆ ಹೆಸರಿಡಲು ಅವಳಿಗೆ ಧೈರ್ಯವಿರಲಿಲ್ಲ.

"ನೀವು ಈ ಕಡೆಯವರಲ್ಲ ಅಲ್ವಾ?" ಒಂದು ದಿನ ಕಾಫಿಯ ಲೋಟ ಹಿಡಿದು ಕೇಳಿದ.

"ಯಾಕೆ?"

"ಸುಮ್ನಿದ್ದಾಗ 'ಹೌದು' ಅಂತೀರಿ. ಹೆದರಿದಾಗ 'ಹೌದ್ರಿ' ಅಂತೀರಿ."

"...ಹೌದ್ರಿ."

ಅವನು ನಕ್ಕುಬಿಟ್ಟ. ಅವನು ಪೂರ್ತಿಯಾಗಿ ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಬಿಸಿಲು ಹೊಂಗೆಯ ಎಲೆಗಳಿಂದ ಜಾರಿ ಅವನ ಹಲ್ಲಿನ ಮೇಲೆ ಬಿತ್ತು. ಈ ನಗುವನ್ನು ಹೂತುಹಾಕಿದ್ದು ನಾನು, ಎಂದು ಅವಳಿಗೆ ನೆನಪಾಯಿತು. ಕಾಫಿ ಕಹಿಯಾಯಿತು.

"ಆ ಮೇಲ್ ಕಳ್ಸಿದವ್ರು ಯಾರಾದ್ರೂ... ಕೈಗೆ ಸಿಕ್ಕಿದ್ರೆ ಏನ್ ಮಾಡ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಅವಳ ಪ್ರಶ್ನೆ. ಅವನಿಗೆ ಗೊತ್ತಾಗಲಿಲ್ಲ. ಲೋಟ ಕೆಳಗಿಟ್ಟ.

"ಏನೂ ಮಾಡಲ್ಲ. ನಮ್ಮ ಅಂಗಡೀಲಿ ಒಂದಿಡೀ ದಿನ ಕೂರಿಸ್ತೀನಿ. ಅಮ್ಮನ ಮುಖ ನೋಡ್ಕೊಂಡು, ನಗ್ತಾ, ಅರಿಶಿನ ಕುಂಕುಮ ತೂಗ್ಲಿ. ನಾನು ದಿನಾ ತೂಗ್ತಿದೀನಲ್ಲ, ಹಾಗೆ. ಅದೇ ಶಿಕ್ಷೆ."

ಆ ಸಂಜೆ ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಜೊತೆಗಿದ್ದ ಶರಣಮ್ಮ ಅವಳ ಊರ ಕಡೆಯವಳೇ, ಬಟ್ಟೆ ಅಂಗಡಿಯ ಲೆಕ್ಕದ ವಿಭಾಗದಲ್ಲಿ ಕೆಲಸ. ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡಳು.

"ಹೇಳಿಬಿಡು ಲೇ. ಏನು ನುಂಗ್ತಾನೇನ ಅವ?"

"ಕೆಲಸ ಹೋಗತೈತಿ ಶರಣಿ. ಅವ ಲ್ಯಾಬಿಗೆ ಹೋಗಿ ಜಗಳಾ ತಗದ್ರ... ದೇವದಾಸ್ ಸಾರ್ ಏನ್ ಮಾಡ್ತಾರ? ಅಣ್ಣಂತೂ ಮರುದಿನಾನ ಬಸ್ ಹತ್ತಿ ಬರ್ತಾನ."

"ಕೆಲಸದ ಸಲುವಾಗಿ ಅಂಜೀಯೋ, ಅವ ಬರೂದು ಬಿಡ್ತಾನಂತ ಅಂಜೀಯೋ?"

ಭಾಗ್ಯಜ್ಯೋತಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

"ಅಂದ್ರ ನೀ ಅವನ್ನ ಪ್ರೀತಿ ಮಾಡಾಕತ್ತಿ."

"ನಾ ಅವನ್ನ ಅಂಜಿಸೀನಿ, ಶರಣಿ!"

"ನಮ್ಮ ಮನ್ಯಾಗ ಎರಡೂ ಒಂದ ಆಗಿತ್ತು. ಏಳು, ರೊಟ್ಟಿ ತಿನ್ನು."

*

ಅವತ್ತು ಅವನು ಲ್ಯಾಬಿನಿಂದ ಹೊರಗೆ ಬಂದಾಗ ಕೈಯಲ್ಲಿ ಕಂದು ಬಣ್ಣದ ಕವರು ಇತ್ತು.

ಭಾಗ್ಯಜ್ಯೋತಿ ಮೆಟ್ಟಿಲ ಮೇಲೇ ನಿಂತಳು. ಮಾರ್ಕೆಟ್ಟಿನ ಗದ್ದಲ, ಆಟೋ ಹಾರನ್ನು, ಮಲ್ಲಿಗೆ ಮಾರುವವಳ ಕೂಗು, ಎಲ್ಲವನ್ನೂ ಯಾರೋ ಹತ್ತಿಯಲ್ಲಿ ಸುತ್ತಿಟ್ಟಂತಾಯಿತು.

"ಬಂತು," ಎಂದ. "ನನ್ ಕೈಲಿ ತೆಗೆಯಕ್ಕಾಗ್ತಿಲ್ಲ ಮೇಡಂ. ನೀವೇ ತೆಗೀರಿ. ನೀವು ಓದಿದ್ರೆ... ಏನೇ ಇದ್ರೂ ತಡ್ಕೊಬಲ್ಲೆ ಅನ್ಸತ್ತೆ."

ಕವರು ಅವಳ ಕೈಗೆ ಬಂತು. ಹಗುರವಾಗಿತ್ತು.

ತೆಗೆಯಬಹುದಿತ್ತು. ಒಳ್ಳೆಯ ಸುದ್ದಿಯಿದ್ದರೆ ಅವನು ಆ ಸಂತೋಷದಲ್ಲಿ ಏನನ್ನು ಬೇಕಾದರೂ ಕ್ಷಮಿಸುತ್ತಿದ್ದ. ಕೆಟ್ಟದಿದ್ದರೆ ಅವಳ ತಪ್ಪನ್ನು ಕೇಳುವಷ್ಟು ಜಾಗ ಅವನಲ್ಲಿ ಉಳಿಯುತ್ತಿರಲಿಲ್ಲ. ಎರಡರಲ್ಲೂ ಅವಳು ಪಾರಾಗುತ್ತಿದ್ದಳು. ಅದು ತಿಳಿದೇ ಅವಳ ಬೆರಳು ಕವರಿನ ಅಂಚಿನಲ್ಲಿ ನಿಂತಿತು.

ಇಲ್ಲ. ಈಗಲೇ. ಇದು ತೆರೆಯುವುದಕ್ಕಿಂತ ಮುಂಚೆ.

"ಮೊದ್ಲು ನಾ ಒಂದು ಮಾತು ಹೇಳ್ಬೇಕ್ರಿ."

"ಏನು?"

"ನಾನು ಲ್ಯಾಬಿನಾಕಿ ಅಲ್ಲ. ಮ್ಯಾಲಿನ ಸಾಫ್ಟ್‌ವೇರ್ ಕಂಪನಿಯಾಕಿ. ಆ ಮೇಲ್... ಕಂಪ್ಯೂಟರ್ ತಪ್ಪಲ್ಲ. ನಾ ಕಳಿಸಿದ್ದು. ಹೊರಗ ಹೋಗಬಾರದಿತ್ತು. ಒಂದು ಸಾಲು ತಿದ್ದೂದು ಮರತೆ... ಹೋತು."

ಅವನು ಕಣ್ಣು ಮಿಟುಕಿಸಲಿಲ್ಲ. "'ತುರ್ತು' ಅಂತ ಬರೆದಿದ್ದು?"

"ನಾನ."

"ಅಮ್ಮನ ಹೆಸರು ಹಾಕಿದ್ದು?"

"ಡೇಟಾದಾಗ... ಅವ್ರ ಹೆಸರು ಮೊದ್ಲು ಇತ್ತು."

"ಮೊದ್ಲು ಇತ್ತು." ಅವನು ನಿಧಾನವಾಗಿ ಹೇಳಿದ. "ಅಷ್ಟೇನಾ? ಮೊದ್ಲು ಇತ್ತು, ಅದಕ್ಕೆ?"

"ಹೌದ್ರಿ."

"ದಿನಾ ಇಲ್ಲಿ ನನ್ ಜೊತೆ ಕಾಫಿ ಕುಡಿದ್ರಿ. ನಾನು ರಾತ್ರಿಯೆಲ್ಲ ನಿದ್ದೆ ಇಲ್ಲ ಅಂದೆ. ಅಪ್ಪನ ವಿಷ್ಯ ಹೇಳ್ದೆ. ನೀವು... ಕೇಳಿಸ್ಕೊಂಡು ಕೂತಿದ್ರಿ!"

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಚೆನ್ನಾಗಿತ್ತು.

ಅವಳ ಕೈಯಿಂದ ಕವರು ತೆಗೆದುಕೊಂಡ. ತೆರೆಯಲಿಲ್ಲ. ಅಂಗಿಯೊಳಗೆ ತುರುಕಿ, ಸ್ಕೂಟರ್ ಹತ್ತಿ, ಹಿಂತಿರುಗಿ ನೋಡದೆ ಹೋದ.

*

ಅವಳು ನೇರವಾಗಿ ಮೇಲೆ ಹತ್ತಿ ದೇವದಾಸ್ ಸಾರ್ ಮುಂದೆ ನಿಂತು ಎಲ್ಲ ಹೇಳಿದಳು. ಒಂದು ಹೆದರಿಕೆ ನಿಜವಾದ ಮೇಲೆ ಇನ್ನೊಂದನ್ನು ಕಾಪಾಡಿಕೊಂಡು ಏನು ಮಾಡುವುದು?

ಅವರು ಕೂಗಾಡಿದರು. ನೀರು ಕುಡಿದರು. ಮತ್ತೆ ಕೂಗಾಡಿದರು. ಕೆಳಗೆ ಹೋಗಿ ಲ್ಯಾಬಿನವರ ಹತ್ತಿರ ಮಾತಾಡಿ, ಕೆಂಪಗಾದ ಮುಖ ಹೊತ್ತು ಬಂದರು.

"ತಪ್ಪು ನಿಂದು. ಆದ್ರೆ ನಿಜವಾದ ಡೇಟಾ ನಿನ್ ಕೈಗೆ ಕೊಟ್ಟೋನು ನಾನು. ಅದನ್ನೂ ಹೇಳಿ ಬಂದಿದೀನಿ. ಒಂದು ಅವಕಾಶ ಕೊಟ್ಟಿದಾರೆ." ಕುರ್ಚಿಯಲ್ಲಿ ಕುಸಿದರು. "ಇನ್ಮೇಲೆ ನಮ್ಮ ಟೆಸ್ಟ್ ವಿಳಾಸ ಬಿಟ್ಟು ಬೇರೆ ಯಾವ್ದಕ್ಕೂ ಹೋಗದ ಹಾಗೆ ಪ್ರೋಗ್ರಾಮೇ ತಡೀಬೇಕು. ಮಾಡು. ಆಮೇಲೆ ನೀನು ಕಳ್ಸೋದನ್ನ ಮುಟ್ಬೇಡ. ಬರೋದನ್ನ ಮಾತ್ರ ನೋಡ್ಕೊ."

ಹಾಗೆ ಅವಳ ಕೆಲಸ ಕಾಯುವುದಾಯಿತು.

ಬೆಳಿಗ್ಗೆ ಬಂದು ಪ್ರೋಗ್ರಾಂ ಓಡಿಸುವಳು. 'ಒಂದು ಬರಬೇಕಿತ್ತು. ಒಂದು ಬಂದಿದೆ.' ಹಸಿರು. ಮಧ್ಯಾಹ್ನ ಓಡಿಸುವಳು. ಒಂದು. ಹಸಿರು. ಎಲ್ಲ ಸರಿಯಾಗಿದೆ ಎಂದು ಆ ಯಂತ್ರ ಹೇಳಿದಾಗಲೆಲ್ಲ ಅವಳೊಳಗೆ ಏನೋ ಮುರಿಯುತ್ತಿತ್ತು.

ಶಿವಬಸಮ್ಮನಿಗೆ ಏನಾಗಿದೆ? ಕೆಳಗಿಳಿದು ಕೌಂಟರಿನಲ್ಲಿ ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು. ಒಂದೆರಡು ಸಲ ಮೆಟ್ಟಿಲ ತನಕ ಹೋದಳು. ಆ ತಾಯಿಯ ಹೆಸರನ್ನು ಒಮ್ಮೆ ಕೇಳದೆ ಬಳಸಿದ್ದು ಸಾಕು ಎಂದು ಹಿಂದಿರುಗಿದಳು.

ಕೊನೆಗೆ ತಡೆಯಲಾರದೆ ಒಂದು ಸಂಜೆ ಬನಶಂಕರಿಯ ಬಸ್ಸು ಹತ್ತಿದಳು. ದೂರದಿಂದ ನೋಡಿ ಬರುತ್ತೇನೆ, ಅಷ್ಟೇ. ಗಲ್ಲಾದ ಮೇಲೆ ಅವನು ಕೂತಿದ್ದರೆ ಸಾಕು.

ಅಂಗಡಿಗೆ ಬೀಗ ಬಿದ್ದಿತ್ತು!

ಷಟರಿನ ಸಂದಿಯಲ್ಲಿ ಹಳೆಯ ದಿನಪತ್ರಿಕೆಗಳು ಸಿಕ್ಕಿಕೊಂಡಿದ್ದವು. ಅಂದರೆ ಇವತ್ತು ನಿನ್ನೆ ಹಾಕಿದ ಬೀಗವಲ್ಲ. ಪಕ್ಕದ ಹೂವಿನಂಗಡಿಯವಳು ಅವಳನ್ನೇ ನೋಡುತ್ತಿದ್ದಳು. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ...

ಯಾವ ಆಸ್ಪತ್ರೆ? ಯಾವ ವಾರ್ಡು? ಅಥವಾ ಅದನ್ನೂ ದಾಟಿ...? ನಾನು ಬರೆದ ಸುಳ್ಳು ವಾಕ್ಯ ನಿಜವಾಗಿಬಿಟ್ಟಿತೇ?

ಬಸ್ಸಿನಲ್ಲಿ ಪರ್ಸು ತೆರೆದರೆ ಬಜೆಯ ವಾಸನೆ ಬಂತು. ಖಾರವಾದ, ಹಸಿ ಮಣ್ಣಿನಂಥ ವಾಸನೆ. ಅವಳು ಕಿಟಕಿಗೆ ತಲೆಯಾನಿಸಿ, ಸದ್ದಿಲ್ಲದೆ, ಬಿಟಿಎಂ ಬರುವ ತನಕ ಅತ್ತಳು.

*

ಅದಾಗಿ ಕೆಲವು ದಿನಗಳಿಗೆ, ಮೋಡ ಕವಿದ ಒಂದು ಬೆಳಿಗ್ಗೆ, ಅವಳು ಎಂದಿನಂತೆ ಬಂದು, ಎಂದಿನಂತೆ ಓಡಿಸಿದಳು. ಪರದೆಯತ್ತ ನೋಡದೆ ಬ್ಯಾಗು ಕೆಳಗಿಟ್ಟಳು. ತಲೆಯೆತ್ತಿದಳು.

ಕೆಂಪು.

'ಒಂದು ಬರಬೇಕಿತ್ತು. ಎರಡು ಬಂದಿವೆ.'

ತೆರೆಯಲು ಕೈ ಬರಲಿಲ್ಲ. ಅವತ್ತು ಅವನು ಕವರು ಹಿಡಿದು ಹೇಗೆ ನಿಂತಿದ್ದನೆಂದು ಈಗ ಅವಳ ಬೆರಳುಗಳಿಗೇ ಗೊತ್ತಾಯಿತು.

ತೆರೆದಳು.

'ಮೇಡಂ, ಅಮ್ಮಂಗೆ ಗಾಬರಿ ಪಡೋವಂಥದ್ದು ಏನೂ ಇಲ್ಲವಂತೆ. ಮಾತ್ರೆಗೆ ಹೋಗತ್ತೆ ಅಂದ್ರು ಡಾಕ್ಟ್ರು. ಇದು ಅವತ್ತೇ ನಂಗೆ ಗೊತ್ತಾಯ್ತು. ನಿಮಗೆ ಹೇಳ್ಲಿಲ್ಲ. ನಾನು ಹೆದರಿದಷ್ಟು ದಿನ ನೀವೂ ಹೆದರ್ಲಿ ಅಂತ ಬೇಕಂತಲೇ ಸುಮ್ಮನಿದ್ದೆ. ಅಮ್ಮನ ಹರಕೆ ತೀರಿಸೋಕೆ ಕೊಟ್ಟೂರಿಗೆ ಹೋಗಿದ್ವಿ. ನಿನ್ನೆ ಬಂದ್ವಿ. ಬೀಗ ನೋಡ್ತಾ ನಿಂತಿದ್ದ ಹುಡುಗಿ ಬಗ್ಗೆ ಹೂವಿನವಳು ಹೇಳಿದ್ಲು. ನಿಮ್ಮದು ಮರೆವು ಮೇಡಂ. ನಾನು ತಿಳಿದೂ ತಿಳಿದೂ ಮಾಡಿದೆ. ಯಾರು ದೊಡ್ಡ ತಪ್ಪು ಮಾಡಿದ್ದು ಅಂತ ಯೋಚನೆ ಮಾಡಿ ಮಾಡಿ ಸಾಕಾಗಿದೆ. ಬಸವಪ್ರಸಾದ್.'

ಅವಳು ಮತ್ತೆ ಓದಿದಳು. ಮತ್ತೊಮ್ಮೆ. ಏನೂ ಇಲ್ಲವಂತೆ... ಏನೂ ಇಲ್ಲ! ಮೇಜಿನ ಮೇಲೆ ಹಣೆಯಿಟ್ಟಳು.

"ಏನಮ್ಮ, ಕೆಂಪಾ?" ದೇವದಾಸ್ ಸಾರ್ ಗಾಬರಿಯಿಂದ ಎದ್ದು ಬಂದರು.

"ಕೆಂಪು ಸಾರ್," ಎಂದಳು. ಕಣ್ಣೊರೆಸಿಕೊಂಡು ಎದ್ದಳು. "ಇವತ್ತು ತಲೆ ನೋವಿಲ್ಲ. ಸುಳ್ಳು ಹೇಳಲ್ಲ. ಆದ್ರೂ ಹೋಗ್ಬೇಕು ಸಾರ್."

ಅವರು ಪರದೆಯನ್ನು ನೋಡಿದರು, ಅವಳನ್ನು ನೋಡಿದರು. "ಹೋಗು. ಏನಾದ್ರೂ ಕಳ್ಸೋದಿದ್ರೆ ನೀನೇ ಹೋಗಿ ಕೊಟ್ಟು ಬಾ. ಕಂಪ್ಯೂಟರ್ ಮುಟ್ಬೇಡ!"

*

ಷಟರು ತೆರೆದಿತ್ತು. ಸಾಂಬ್ರಾಣಿ ಹೊಗೆಯಾಡುತ್ತಿತ್ತು. ಅವಳನ್ನು ನೋಡಿ ಬಸವಪ್ರಸಾದ್ ಎದ್ದ. ಅವನ ಕೈಯಲ್ಲಿದ್ದ ಅಳತೆಯ ಪಾವು ಗಲ್ಲಾದ ಮೇಲೆ ಉರುಳಿತು.



ಅವನೇ ಕೇಳಿದ, "ಇವತ್ತು ಯಾರ ಕಡೆಯಿಂದ ಬಂದ್ರಿ? ಲ್ಯಾಬ್ ಕಡೆಯಿಂದಾನಾ?"

"ಇಲ್ರಿ. ನನ್ನ ಕಡೆಯಿಂದನ ಬಂದೀನಿ."

"'ಇಲ್ರಿ' ಅಂದ್ರಿ. ಹೆದರಿಕೆ ಆಗ್ತಿದ್ಯಾ?"

"ಭಾಳ." ಅವಳ ಕಣ್ಣು ತುಂಬಿತು. "ನೀವು ನಾಳಿಂದ ಬರಂಗಿಲ್ಲಂತ ಅಂಜಿಕಿ. ಆ ಮರದ ಕೆಳಗ ಯಾರೂ ಇರಂಗಿಲ್ಲಂತ ಅಂಜಿಕಿ. ಮೊದ್ಲ ದಿನದಿಂದಾನೂ ಅಂಜಿಕೀನ ಐತಿ ನನಗ... ಆದ್ರ ಈಗೀಗ ಅದು ಕೆಲಸದ ಅಂಜಿಕಿ ಅಲ್ಲ."

"ನಂಗೂ ಇದೆ. ಅವತ್ತು ಕವರ್ ನಿಮ್ ಕೈಲಿ ಕೊಟ್ಟಿದ್ದು ಯಾಕೆ ಗೊತ್ತಾ? ಇನ್ಯಾರ ಕೈಲೂ ಕೊಡೋಕೆ ಮನಸ್ಸಿರ್ಲಿಲ್ಲ. ಅದಕ್ಕೇ ಅಷ್ಟು ಕೋಪ ಬಂತು. ಬೇರೆ ಯಾರಾದ್ರೂ ಆಗಿದ್ರೆ... ಒಂದು ಮಾತು ಬೈದು ಮರೀತಿದ್ದೆ."

ಒಳಗಿನಿಂದ ಅಡಿಕೆ ಆರಿಸುವ ಸದ್ದು ನಿಂತಿತು.

"ಪ್ರಸಾದಾ, ಯಾರೋ ಅದು? ಬಜೆ ಹುಡುಗೀನಾ? ಮಾತು ಸರಿಯಾಗಿ ಬರ್ತಿದ್ಯಂತಾ ಅವಳಿಗೆ?"

"ಈಗ ಬರ್ತಿದೆ ಅಮ್ಮ!"

"ಹಂಗಾದ್ರೆ ಇನ್ನೂ ಯಾಕೆ ಬೀದೀಲಿ ನಿಲ್ಸಿದೀಯಾ?"

ಭಾಗ್ಯಜ್ಯೋತಿಗೆ ಅಳುವಿನ ನಡುವೆಯೇ ನಗು ಬಂತು. ಬಸವಪ್ರಸಾದ್ ಗಲ್ಲಾದ ಪಕ್ಕದ ಮಣೆಯನ್ನು ಕೈಯಿಂದ ಒರೆಸಿದ. ತಕ್ಕಡಿಯನ್ನು ಅದರ ಮುಂದಕ್ಕೆ ಸರಿಸಿದ.

"ಶಿಕ್ಷೆ ಬಾಕಿ ಇದೆ, ನೆನಪಿದ್ಯಾ? ಒಂದಿಡೀ ದಿನ ಇಲ್ಲಿ ಕೂತು, ಅಮ್ಮನ ಮುಖ ನೋಡ್ಕೊಂಡು, ನಗ್ತಾ ತೂಗ್ಬೇಕು."

ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಮಣೆಯ ಮೇಲೆ ಕೂತಳು. ಕೈ ಇನ್ನೂ ನಡುಗುತ್ತಿತ್ತು. ತಕ್ಕಡಿಯ ಮುಳ್ಳು ಅವಳ ಜೊತೆಗೇ ನಡುಗಿತು. ಅವನು ಬೆರಳಿನಿಂದ ಮೆಲ್ಲಗೆ ಅದನ್ನು ಹಿಡಿದು ನಿಲ್ಲಿಸಿದ.

ಅವಳು ತಲೆಯೆತ್ತಿ ನೋಡಿದಳು.

"ಒಂದ ದಿನ ಸಾಕೇನ್ರಿ?"